ತಣ್ಣಗಿದ್ದ ಕೂಲರ್

ಬಾಟಲಿ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಗಾಳಿಯಕ್ಕ. ಬಿಸಿ ಪ್ಲಾಸ್ಟಿಕ್ಕಿನೊಳಗೆ ಗಾಳಿ ಊದಿದರೆ ತಾನೇ ಬಾಟಲಿ ಆಗುವುದು? ಆ ಗಾಳಿ ಬರುವುದು ಹಿಂದಿನ ಶೆಡ್ಡಿನ ಕಂಪ್ರೆಸರಿನಿಂದ. ಆ ಕಂಪ್ರೆಸರಿನ ಮೆಕ್ಯಾನಿಕ್ ಇವಳು. ಹದಿನಾಲ್ಕು ವರ್ಷದ ಹಿಂದೆ ಮುಚ್ಚಳ ಹಾಕುವ ಕೆಲಸಕ್ಕೆ ಸೇರಿದವಳು, ಬಿಡುವಾದಾಗಲೆಲ್ಲ ಶೆಡ್ಡಿಗೆ ಹೋಗಿ ಆಗಿನ ಮೆಕ್ಯಾನಿಕ್ಕಿನ ತಲೆ ತಿನ್ನುತ್ತಿದ್ದಳು. ಅದ್ಯಾಕೆ ತಿರುಗುತ್ತೆ, ಇದ್ಯಾಕೆ ಕಾಯುತ್ತೆ ಎಂಬ ಪ್ರಶ್ನೆಗಳಿಗೆ ಬೇಸತ್ತ ಆತ ಒಂದು ದಿನ, "ತಗೋಮ್ಮ, ನೀನೇ ಬಿಚ್ಚಿ ನೋಡು" ಎಂದು ಸ್ಪ್ಯಾನರ್ ಕೈಗಿಟ್ಟ. ಅದನ್ನು ಅವಳು ವಾಪಸು ಕೊಡಲೇ ಇಲ್ಲ.

ಈ ಬೇಸಿಗೆಯಲ್ಲಿ ಕಂಪ್ರೆಸರ್ ಹಟ ಹಿಡಿಯಿತು. ಒಳಗಿನ ಎಣ್ಣೆ ಕಾದು ಕಾದು ನೂರಹತ್ತು ಡಿಗ್ರಿ ಮುಟ್ಟಿದೊಡನೆ ಯಂತ್ರ ತನ್ನಷ್ಟಕ್ಕೆ ನಿಂತುಬಿಡುತ್ತಿತ್ತು.

"ಏನಕ್ಕ, ಬೆಳಗ್ಗೆಯಿಂದ ಇದು ಮೂರನೇ ಸಲ" ಎಂದು ಇಂಜಿನಿಯರ್ ಓಡಿಬಂದ.

"ಎಣ್ಣೆ ತಣಿಸೋ ಕೂಲರ್‌ಗೆ ಧೂಳು ಮೆತ್ತಿದೆ ಸರ್. ತೊಳೆದ್ರೆ ಮುಗೀತು."

ಮಧ್ಯಾಹ್ನವಿಡೀ ತೊಳೆದಳು. ಕೂಲರ್ ಕನ್ನಡಿಯಂತೆ ಹೊಳೆಯಿತು. ಯಂತ್ರ ಚಾಲೂ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಕೂಲರಿನ ಮೇಲೆ ಅಂಗೈ ಇಟ್ಟವಳ ಮುಖ ಅರಳಿತು. "ಮುಟ್ಟಿ ನೋಡಿ ಸರ್, ಹೇಗೆ ತಣ್ಣಗಿದೆ!" ಇಂಜಿನಿಯರನೂ ಮುಟ್ಟಿ ತಲೆಯಾಡಿಸಿದ. ಅವನು ಕುರ್ಚಿಗೆ ಮರಳಿ ಕೂರುವಷ್ಟರಲ್ಲಿ ಯಂತ್ರ ಮತ್ತೆ ನಿಂತಿತು. ಅತ್ತ ಸಾಲಿನಲ್ಲಿ ಬಾಟಲಿಗಳು ಅರ್ಧ ಊದಿಕೊಂಡು, ಮುನಿಸಿಕೊಂಡವರ ಕೆನ್ನೆಯಂತೆ ನೇತಾಡುತ್ತಿದ್ದವು.

ಮನೆಗೆ ಬಂದವಳು ಊಟಕ್ಕೆ ಕೂತರೂ ತುತ್ತು ಎತ್ತಲಿಲ್ಲ. ಎದುರಿಗೆ ಅವಳ ಅತ್ತೆ ಕೂತಿದ್ದರು. ಮಕ್ಕಳ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು. ಸೊಸೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಎಣ್ಣೆ ಕುದೀತಿತ್ತು ಅಂತೀಯ. ಕೂಲರ್ ತಣ್ಣಗಿತ್ತು ಅಂತೀಯ."

"ಹೂಂ ಅತ್ತೆ. ಮಂಜುಗಡ್ಡೆ ಹಾಗೆ."

"ಅಲ್ಲ ಕಣೇ, ಅಷ್ಟು ಕಾದ ಎಣ್ಣೆ ಒಳಗೆ ಹೋಗಿದ್ರೆ ಅದು ತಣ್ಣಗೆ ಹೇಗಿರುತ್ತೆ?"

ಸೊಸೆ ಹಣೆ ಚಚ್ಚಿಕೊಂಡು ನಗತೊಡಗಿದಳು. "ನನ್ನ ಬುದ್ಧಿಗಿಷ್ಟು! ಎಣ್ಣೆ ಕೂಲರ್ ಕಡೆ ತಿರುಗಿಯೂ ನೋಡಿಲ್ಲ ಅತ್ತೆ. ನಾನು ಖಾಲಿ ಮನೆ ಗುಡಿಸಿ ಬಂದಿದ್ದೀನಿ!"

ಎಣ್ಣೆಗೆ ದಾರಿ ತೋರಿಸುವುದು ಒಂದು ಥರ್ಮೋಸ್ಟಾಟ್ ವಾಲ್ವ್. ಅದಕ್ಕೆ ಕರೆಂಟೂ ಬೇಡ, ವೈರೂ ಬೇಡ. ಒಳಗೆ ಹೆಬ್ಬೆರಳಷ್ಟು ದಪ್ಪದ ಹಿತ್ತಾಳೆಯ ಕೊಳವೆ, ಕೊಳವೆಯ ತುಂಬ ಮೇಣ. ಎಣ್ಣೆ ತಣ್ಣಗಿರುವಾಗ ಮೇಣ ಗಟ್ಟಿಯಾಗಿರುತ್ತದೆ. ಆಗ ಎಣ್ಣೆ ಕೂಲರಿನ ಗೊಡವೆಗೆ ಹೋಗದೆ ನೇರವಾಗಿ ಯಂತ್ರಕ್ಕೆ ಮರಳುತ್ತದೆ. ಎಣ್ಣೆ ತೀರಾ ತಣ್ಣಗಿದ್ದರೆ ನೀರಿನ ಪಸೆ ಸೇರಿ ಕೆಡುತ್ತದಲ್ಲ, ಅದಕ್ಕೇ ಈ ಏರ್ಪಾಡು. ಎಪ್ಪತ್ತು ಡಿಗ್ರಿ ದಾಟುತ್ತಿದ್ದಂತೆ ಮೇಣ ಕರಗಿ ಉಬ್ಬಿ ಒಂದು ಕಡ್ಡಿಯನ್ನು ಹೊರಕ್ಕೆ ತಳ್ಳುತ್ತದೆ. ಹಳೆಯ ದಾರಿ ಮುಚ್ಚುತ್ತಾ ಬರುತ್ತದೆ, ಕೂಲರಿನ ದಾರಿ ತೆರೆಯುತ್ತಾ ಹೋಗುತ್ತದೆ.

ಮರುದಿನ ಬೆಳಗ್ಗೆ ಆ ಹಿತ್ತಾಳೆ ಕೊಳವೆಯನ್ನು ಬಿಚ್ಚಿ, ಸ್ಟೋರಿನಿಂದ ಹೊಸದೊಂದನ್ನೂ ತಂದು, ಎರಡನ್ನೂ ಹಿಡಿದುಕೊಂಡು ಅವಳು ಕ್ಯಾಂಟೀನಿಗೆ ನಡೆದಳು.

"ನನ್ನ ಪಾತ್ರೆಯಲ್ಲಿ ಯಂತ್ರದ ಸಾಮಾನು ಬೇಯಿಸ್ತೀರಾ? ಆಗೋದೇ ಇಲ್ಲ!" ಎಂದು ಅಡುಗೆಯವನು ಅಡ್ಡ ನಿಂತ. ಕೊನೆಗೆ ಒಂದು ಹಳೆಯ ಡಬ್ಬ ಕೊಟ್ಟ. ಅವಳು ಅದರಲ್ಲಿ ನೀರು ತುಂಬಿ, ಎರಡು ಕೊಳವೆಗಳನ್ನೂ ಮುಳುಗಿಸಿ ಒಲೆಯ ಮೇಲಿಟ್ಟಾಗ, ಕೊಟ್ಟವನು ತಾನೂ ಬಗ್ಗಿ ನೋಡತೊಡಗಿದ. ಅವಳ ಹಿಂದೆಯೇ ಬಂದಿದ್ದ ಇಂಜಿನಿಯರ್ ನೀರಿಗೆ ಥರ್ಮಾಮೀಟರ್ ಹಿಡಿದ.

"ಅರವತ್ತೈದು... ಎಪ್ಪತ್ತು... ಎಪ್ಪತ್ತೆರಡು..."

ಹೊಸದರ ಕಡ್ಡಿ ಮೆಲ್ಲಗೆ ತಲೆ ಹೊರಗೆ ಹಾಕಿತು. ನೀರು ಎಂಬತ್ತೈದು ದಾಟಿದರೂ ಹಳೆಯದು ಮಿಸುಕಲಿಲ್ಲ. ಅದರ ಮೇಣ ಯಾವತ್ತೋ ಸೋರಿಹೋಗಿತ್ತು.

"ನಿನ್ನೆ ನಿಮ್ಮನ್ನ ದಾರಿ ತಪ್ಪಿಸಿದ್ದು ನಾನೇ ಸರ್" ಎಂದಳು.

"ನಾನೂ ಮುಟ್ಟಿ ತಲೆಯಾಡಿಸಿದ್ನಲ್ಲ ಅಕ್ಕ. ಅದರಲ್ಲಿ ನಂದೂ ಪಾಲಿದೆ."

ಹೊಸದನ್ನು ಕೂರಿಸಿ ಯಂತ್ರ ಚಾಲೂ ಮಾಡಿದರು. ಅವಳು ಕೂಲರಿಗೆ ಹೋಗುವ ಪೈಪಿನ ಮೇಲೆ ಕೈಯಿಟ್ಟು ಕಾದಳು. ಮೊದಲು ತಣ್ಣಗಿತ್ತು, ಆಮೇಲೆ ಉಗುರುಬೆಚ್ಚಗಾಯಿತು, ಮತ್ತೆ ಒಮ್ಮೆಲೇ "ಅಬ್ಬಬ್ಬಾ, ಸುಡ್ತು!" ಎಂದು ಕೈ ಕೊಡವಿ, ಇದ್ದಲ್ಲೇ ಒಂದು ಸುತ್ತು ಕುಣಿದಳು. ಎಣ್ಣೆ ಎಂಬತ್ತೆರಡಕ್ಕೆ ಬಂದು ಅಲ್ಲೇ ನೆಲೆ ನಿಂತಿತು. ಸಂಜೆಯವರೆಗೂ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

ಕಾಯಿಲೆ ಪತ್ತೆ ಹಚ್ಚಿದ್ದು ಯಾರೆಂದು ಅವಳು ಮುಚ್ಚಿಡಲಿಲ್ಲ. ಇಂಜಿನಿಯರನೇ ಆಸೆಪಟ್ಟು ಶನಿವಾರ ಅವಳ ಅತ್ತೆಯನ್ನು ಕರೆಸಿದ. ಸದ್ದು ತಡೆಯಲು ಕಿವಿಗೆ ದಪ್ಪ ಮುಚ್ಚಿಗೆ ಹಾಕಿಕೊಂಡ ಆಕೆ ಶೆಡ್ಡನ್ನೆಲ್ಲ ಸುತ್ತಿ ನೋಡಿ, ಗಂಟಲು ಹರಿಯುವಂತೆ ಕೇಳಿದರು: "ಇದರ ಬಿಸಿ ದಿನಕ್ಕೆ ಎಷ್ಟು ಸಲ ನೋಡ್ತೀರಪ್ಪಾ?"

"ಒಂದು ಸಲ ಅಮ್ಮಾ!"

"ಸಾಲದು! ನಾಲ್ಕು ಸಲ ನೋಡಿ, ಬರೆದಿಡಿ!"

ಸೋಮವಾರ ಶೆಡ್ಡಿನ ಗೋಡೆಗೆ ಒಂದು ಚಾರ್ಟು ಬಂತು. ಮೊದಲ ಅಂಕಿ ಬರೆದವನು ಇಂಜಿನಿಯರ್: ಎಂಬತ್ತೊಂದು. ಗಾಳಿಯಕ್ಕ ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಳು: "ಪೈಪ್ ಮುಟ್ಟಿದೆ. ಸುಡುತ್ತಿದೆ. ಸಂತೋಷ."