ಸರ್ಕಾರಕ್ಕೆ ಮುನ್ನೀ ಬೀ ಹೇಳಿದ ಮಾತು

ಕೊಟ್ಟೂರಿನ ಮುನ್ನೀ ಬೀ ಗಾದಿ ಹೊಲಿಯುವವಳು. ಇಟ್ಟಿಗಿ, ಮಾಗಳ ಊರುಗಳ ಕಡೆಯ ಮದುವೆ ಮನೆಗಳಿಗೂ ಹೋಗಿ ಅರಳೆ ತುಂಬಿ ಗಾದಿ ಮಾಡಿಕೊಟ್ಟು ಬಂದಿದ್ದಾಳೆ. ಒಂದು ಗಾದಿಗೆ ಒಂದು ದಿನವಾದರೂ ಬೇಕು. ಆ ದಿನವಿಡೀ ಮನೆಯ ಹೆಂಗಸರು ಎದುರಿಗೆ ಕೂತು ತಮ್ಮ ಕಷ್ಟ ಸುಖ ತೋಡಿಕೊಳ್ಳುತ್ತಾರೆ, ಇವಳು ಹೂಂಗುಟ್ಟುತ್ತಾಳೆ. ನಲವತ್ತು ವರ್ಷ ಹೀಗೆ ಹೂಂಗುಟ್ಟಿದ್ದಕ್ಕೆ ಓಣಿಯಲ್ಲಿ ಅವಳಿಗೆ ಬಲು ತಿಳಿದವಳು ಎಂಬ ಹೆಸರು ಬಂದುಬಿಟ್ಟಿತ್ತು. ಅದರಲ್ಲಿ ಅರ್ಧ ಮಾತು ಅರಳೆಯ ಧೂಳಿಗೆ ಸೀನುವುದರಲ್ಲೇ ಹೋಗಿದೆ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮನೆ ಬಾಗಿಲಿಗೆ ಬಂದ ಹೆಸರನ್ನು ಯಾರಾದರೂ ಒಲ್ಲೆ ಅನ್ನುತ್ತಾರೆಯೇ?

ಸರ್ಕಾರದವರು ಊರಿನ ಮುದುಕ ಮುದುಕಿಯರಿಗಾಗಿ ಒಂದು ಹಗಲು ಮನೆ ಮಾಡುತ್ತಾರೆ, ಹಗಲು ಹೊತ್ತು ಅಲ್ಲಿ ಕೂರಬಹುದು, ಮಧ್ಯಾಹ್ನ ಬಿಸಿ ಊಟ ಸಿಗುತ್ತದೆ, ಅದು ಹೇಗಿರಬೇಕೆಂದು ಜನರನ್ನೇ ಕೇಳಿ ಬರೆದುಕೊಳ್ಳುತ್ತಾರೆ ಎಂಬ ಸುದ್ದಿ ಬಂದಾಗ ಓಣಿಯವರು ಮುನ್ನೀ ಬೀಯನ್ನೇ ಮುಂದೆ ಮಾಡಿದರು. ಏಳು ಮಂದಿ ಏಳು ಬೇಡಿಕೆ ಹೇಳಿದರು. ಮುನ್ನೀ ಬೀಗೆ ಬರಹ ಬಾರದು. ಗಾದಿಯ ಉದ್ದಗಲವನ್ನು ದಾರಕ್ಕೆ ಗಂಟು ಹಾಕಿ ನೆನಪಿಡುವುದು ಅವಳ ಪದ್ಧತಿ. ಈಗಲೂ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಗಂಟು ಹಾಕಿಕೊಂಡಳು.

ಎಲ್ಲಕ್ಕಿಂತ ದೊಡ್ಡ ಗಂಟು ಪಕ್ಕದ ಮನೆಯ ಜೋಗಮ್ಮನದು. ಜೋಗಮ್ಮನ ಮೊಣಕಾಲು ಕೈಕೊಟ್ಟು ಎರಡು ವರ್ಷ. ಮಗ ಸೊಸೆ ಇಬ್ಬರೂ ನೌಕರಿಗೆ ಹೋದರೆ ಗೋಡೆಯೇ ಅವಳ ಸಂಗಾತಿ.

"ಊರ ಹೊರಗಿನ ಹೊಸ ಲೇಔಟಿನಾಗ ಕಟ್ತಾರಂತ ಮುನ್ನೀ. ಅಲ್ಲಿಗಿ ನಾ ಹೆಂಗ ಹೋಗ್ಲಿ? ನಮ್ಮ ಓಣಿ ಮುಂದಿನ ಹಳೇ ವಾಚನಾಲಯ ಖಾಲಿ ಬಿದ್ದೈತಿ. ಇಬ್ರು ರಟ್ಟಿ ಹಿಡದ್ರ ಅಲ್ಲೀತನ ಮುಟ್ಟತೀನಿ. ಕೇಳೋದು ಇವತ್ತೊಂದೇ ದಿನ ಅಂತ, ಮರೀಬ್ಯಾಡ."

"ನಾ ಮರಿಯಾಕಿ ಏನ ಜೋಗಕ್ಕ?" ಎಂದು ಮುನ್ನೀ ಬೀ ಇಸ್ತ್ರಿಯ ಸೀರೆ ಉಟ್ಟು, ಸರ್ಕಾರ ತನ್ನೊಬ್ಬಳನ್ನೇ ಕೇಳಲು ಬಂದಿದೆ ಎಂಬ ಠೀವಿಯಲ್ಲಿ ಹೊರಟಳು.

ಹತ್ತಕ್ಕೆ ಎಂದಿದ್ದ ಸಭೆ ಹನ್ನೆರಡಾದರೂ ಶುರುವಾಗಲಿಲ್ಲ. ಸಭೆ ಕರೆದಿದ್ದ ಸಮುದಾಯ ಭವನದ ಮುಂದಿನ ಸಾಲಿನಲ್ಲಿ ಕೂತ ಮುನ್ನೀ ಬೀಯ ಕಣ್ಣು ಅಧಿಕಾರಿಯ ಖಾಲಿ ಕುರ್ಚಿಯ ಮೇಲೆ ಬಿತ್ತು. ಕುರ್ಚಿಯ ದಿಂಬಿನ ಹೊಲಿಗೆ ಬಿಚ್ಚಿ ಅರಳೆ ಹೊರಗೆ ಇಣುಕುತ್ತಿತ್ತು. ಗಾದಿಯವಳ ಕೈ ಸುಮ್ಮನಿದ್ದೀತೇ? ದಿಂಬನ್ನು ಎತ್ತಿಕೊಂಡು ಬಂದಳು. ಸೊಂಟದ ಚೀಲದಲ್ಲಿ ದಬ್ಬಣವಿತ್ತು, ದಾರವೂ ಇತ್ತು. ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಹಡಗಲಿ ಕಡೆಯ ಇಬ್ಬರು ಹೆಂಗಸರು ಯಾರದೋ ಸೊಸೆಯ ವಿಷಯ ತೆಗೆದರು. ಕಿವಿ ಅತ್ತ, ಕೈ ಇತ್ತ. ಅವರ ಮಾತಿನಲ್ಲಿ ಆ ಸೊಸೆ ತವರಿಗೆ ಹೋಗಿ ಮತ್ತೆ ಬರುವಷ್ಟರಲ್ಲಿ ದಿಂಬಿನ ಹೊಲಿಗೆ ಮುಗಿದಿತ್ತು. ನಡುವೆ ದಾರ ಒಮ್ಮೆ ಸಿಕ್ಕಿಕೊಂಡಿತು. ಹಲ್ಲಿನಿಂದ ಕಡಿದು ಉಗುಳಿ ಮುಂದುವರಿದಿದ್ದಳು.

ಅಧಿಕಾರಿ ಗವಿಸಿದ್ದೇಶ್ ಬಂದು ಆ ದಿಂಬಿನ ಮೇಲೆ ಸುಖವಾಗಿ ಕೂತರು. ಹೆಸರು ಕರೆದರು. ಮುನ್ನೀ ಬೀ ಎದ್ದು ಗತ್ತಿನಿಂದ ಚೀಲಕ್ಕೆ ಕೈ ಹಾಕಿದಳು. ಗಂಟಿನ ದಾರವಿಲ್ಲ.

"ಹೇಳಮ್ಮಾ."

"ಹೇಳ್ತೀನ್ರಿ. ಸ್ವಲ್ಪ ಏಳ್ರಿ ಸಾಹೇಬ್ರ."

"ಯಾಕೆ?"

"ನಮ್ಮ ಓಣಿ ಬೇಡಿಕೆ ಮ್ಯಾಲೆ ಕುಂತೀರಿ."

ಭವನವೆಲ್ಲ ನಕ್ಕಿತು. ಮುನ್ನೀ ಬೀ ಎಲ್ಲರೆದುರು ದಿಂಬಿನ ಹೊಲಿಗೆ ಬಿಚ್ಚಿ, ಗಂಟು ಮುಟ್ಟಿ ಮುಟ್ಟಿ ಒಂದೊಂದೇ ಹೇಳಿದಳು. ಚಾಪೆ ಬೇಡ, ಕುರ್ಚಿ ಬೇಕು. ಕೆಳಗೆ ಕೂತರೆ ಎಬ್ಬಿಸಲು ಮತ್ತಿಬ್ಬರು ಬೇಕು. ಪಾಯಖಾನೆಗೆ ಒಳಗಿನಿಂದ ಚಿಲಕ ಇರಲಿ. ಸಾರಿಗೆ ಖಾರ ಕಡಿಮೆ ಹಾಕಲಿ. ಓಣಿಯ ಮಂಜಮ್ಮನ ಗಂಟು ಬಂದಾಗ ಸ್ವಲ್ಪ ತಡೆದು, "ಗಂಡಸರಿಗೆ ಬ್ಯಾರೆ ದಿನ ಇಡಬೇಕಂತರಿ" ಅಂದಳು.

ಮಂಜಮ್ಮನ ಗಂಡ ಹುಲುಗಪ್ಪ ಹಿಂದಿನಿಂದ ಎದ್ದು, "ಅದನ್ನ ನಾನೂ ಒಪ್ಪೀನಿ, ಬರ್ಕೊಳ್ರಿ!" ಎಂದು ಕೂಗಿದ.

ಹಾರಿ ಕನ್ನಡಕದ ಮೇಲೆ ಕೂತ ಅರಳೆಯನ್ನು ಒರೆಸಿಕೊಳ್ಳುತ್ತಾ ಗವಿಸಿದ್ದೇಶ್ ಆರು ಬರೆದರು. ಏಳನೆಯದು ಇಲ್ಲ. ಹಲ್ಲಿನಿಂದ ಕಡಿದು ಉಗುಳಿದ್ದು ಯಾವ ಗಂಟು ಎಂದು ಮುನ್ನೀ ಬೀಗೆ ಹೊಳೆಯಲೊಲ್ಲದು. ನೆನಪಿನ ಪೆಟ್ಟಿಗೆ ಎಂದು ಓಣಿಯೆಲ್ಲ ನಂಬಿದ್ದ ತಲೆಯೊಳಗೆ ಹಡಗಲಿ ಸೊಸೆಯೊಬ್ಬಳು ಬಿಟ್ಟರೆ ಬೇರೇನೂ ಇರಲಿಲ್ಲ.

"ಆಯ್ತಲ್ಲ ಅಜ್ಜಿ, ಕೂತ್ಕೊಳ್ಳಿ."

"ಆಗಿಲ್ರಿ. ಒಂದು ಉಗುಳೀನಿ. ತಡೀರಿ."

ಅವಳು ತಿರುಗಿ ನಿಂತು ತನ್ನ ಓಣಿಯ ಮುಖಗಳನ್ನು ಒಂದೊಂದಾಗಿ ನೋಡಿದಳು. ಕುರ್ಚಿ ಕೇಳಿದವಳು ಇದ್ದಾಳೆ, ಚಿಲಕದವಳು ಇದ್ದಾಳೆ, ಮಂಜಮ್ಮ ಸೆರಗಿನಲ್ಲಿ ನಗುತ್ತಿದ್ದಾಳೆ. ಬಂದವರೆಲ್ಲರ ಮಾತೂ ಮುಗಿದಿದೆ. ಹಾಗಾದರೆ ಬಾರದವಳು ಯಾರು?

"ಜೋಗಕ್ಕ! ನಮ್ಮ ಜೋಗಮ್ಮಂದ್ರಿ ಅದು! ಹಗಲು ಮನಿ ಓಣಿ ಮುಂದಿನ ವಾಚನಾಲಯದಾಗ ಮಾಡ್ರಿ ಅಂತ."

"ಜಾಗ ಆಗ್ಲೇ ನೋಡಿದ್ದಾರಮ್ಮ. ಬೇರೆ ಜಾಗ ಅಂದ್ರೆ ಕೇಳಿದವರೇ ಬಂದು ಹೇಳಬೇಕು. ಅವರು ಯಾಕೆ ಬಂದಿಲ್ಲ?"

"ಬರಾಕ ಆಗಂಗಿಲ್ಲ, ಅದಕ್ಕ ಕೇಳ್ಯಾಳ್ರಿ."

ಗವಿಸಿದ್ದೇಶ್ ಗಡಿಯಾರ ನೋಡಿದರು. ಊಟದ ಹೊತ್ತಾಗಿತ್ತು, ಕೂರಲು ದಿಂಬೂ ಇರಲಿಲ್ಲ. "ನಡೀರಿ, ಅವರನ್ನೇ ಕೇಳೋಣ" ಎಂದು ಪುಸ್ತಕ ಹಿಡಿದು ಎದ್ದರು.

ಬಾಗಿಲಲ್ಲಿ ಅಧಿಕಾರಿಯನ್ನು ಕಂಡ ಜೋಗಮ್ಮ ಗಾಬರಿಯಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ನಿಮಗೇನಾದ್ರೂ ತೊಂದರೆ ಐತೇನಮ್ಮ?"

"ಏನೂ ಇಲ್ರಿ ಯಪ್ಪಾ, ಎಲ್ಲಾ ಚೆಂದ ಐತಿ. ಚಾ ಕುಡೀರಿ."

 ಈಕೆಗಾಗಿ ಮುನ್ನೀ ಬೀ ಸರ್ಕಾರದ ದಿಂಬು ಹರಿದು ಬಂದಿದ್ದಾಳೆ, ಈಕೆ ಚಹಾ ಕುಡಿಯಿರಿ ಅನ್ನುತ್ತಿದ್ದಾಳೆ! ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಬೆಳಗಿನಿಂದ ತಾನು ಆಡಿದ್ದೇ ಸಾಕಷ್ಟಾಗಿತ್ತು.

ಗವಿಸಿದ್ದೇಶ್ ಚಹಾ ಬೇಡವೆಂದು ಪುಸ್ತಕ ಮುಚ್ಚಿ ಮೂರು ಮೆಟ್ಟಿಲಿಳಿದರು. ಬಂದವರನ್ನು ಕೂತಲ್ಲಿಂದಲೇ ಕಳಿಸುವುದು ಜೋಗಮ್ಮನ ಮರ್ಯಾದೆಗೆ ಸರಿಯಲ್ಲ. ಗೋಡೆ ಹಿಡಿದು ಎದ್ದಳು, ಬಾಗಿಲವರೆಗೆ ಬಂದಳು. ಚೌಕಟ್ಟಿಗೆ ಒರಗಿ ಒಂದು ಕಾಲನ್ನು ಮುಂದೆ ಇಡಲು ನೋಡಿದಳು. ಮೊದಲ ಮೆಟ್ಟಿಲ ಮೇಲೆ ಆ ಕಾಲು ನಡುಗಿತು, ತಿರುಗಿ ಒಳಗೆ ಹೋಯಿತು. ಇನ್ನೊಮ್ಮೆ ನೋಡಿದಳು. ಆಗಲಿಲ್ಲ. ನಾಚಿಕೊಂಡು ನಕ್ಕಳು.

ಗವಿಸಿದ್ದೇಶ್ ಅದೇ ಮೆಟ್ಟಿಲ ಮೇಲೆ ಕೂತು ಪುಸ್ತಕ ತೆರೆದರು.

"ಆ ವಾಚನಾಲಯ ಎಲ್ಲಿ ಬರುತ್ತೆ?"

ಮುನ್ನೀ ಬೀ ಉತ್ಸಾಹದಿಂದ ಬಾಯಿ ತೆರೆದಳು.

"ನೀ ಸುಮ್ಕಿರಲೇ ಮುನ್ನೀ," ಅಂದಳು ಜೋಗಮ್ಮ, "ನಾ ಹೇಳ್ತೀನಿ."