‘ಇಲ್ಲ’ ಅನ್ನಬಲ್ಲ ಆರ್ಡಿಸ್

ಹೋಮ್‌ವಿಕ್ ಊರಿನ ಎಂಟುನೂರ ಹನ್ನೆರಡು ಜನರಲ್ಲಿ ‘ಇಲ್ಲ’ ಎಂಬ ಶಬ್ದವನ್ನು ಬಾಯಿಬಿಟ್ಟು ಹೇಳಬಲ್ಲವಳು ಆರ್ಡಿಸ್ ಟೊಲೆಫ್ಸನ್ ಒಬ್ಬಳೇ. ಮಿಕ್ಕ ಎಂಟುನೂರ ಹನ್ನೊಂದು ಮಂದಿಗೆ ಅದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಉತ್ತರ ಮಿನೆಸೋಟದ ಚಳಿಗೆ ನಾಲಿಗೆ ಹೆಪ್ಪುಗಟ್ಟಿ ಹೀಗಾಯಿತೆಂದು ಕೆಲವರು ಹೇಳುತ್ತಾರೆ. ನಾರ್ವೆಯಿಂದ ಹಡಗಿನಲ್ಲಿ ಬರುವಾಗ ಅಜ್ಜಂದಿರು ಆ ಶಬ್ದವಿದ್ದ ಪೆಟ್ಟಿಗೆಯನ್ನು ಯಾರೋ ಕೇಳಿದರೆಂದು ಕೊಟ್ಟುಬಿಟ್ಟರು ಎನ್ನುವವರೂ ಇದ್ದಾರೆ. ಎರಡನೆಯದೇ ನಿಜವಿರಬೇಕು.

ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಯ ಜೊತೆ ಇಟ್ಟ ನಿಂಬೆ ಸಿಹಿಯ ಕೊನೆಯ ತುಂಡನ್ನು ಇಲ್ಲಿ ಯಾರೂ ಪೂರ್ತಿ ಎತ್ತಿಕೊಳ್ಳುವುದಿಲ್ಲ. ಅರ್ಧ ಕತ್ತರಿಸಿ ಅರ್ಧ ಬಿಡುತ್ತಾರೆ. ಮುಂದಿನವರು ಆ ಅರ್ಧದಲ್ಲಿ ಅರ್ಧ. ಎಂಬತ್ತೇಳನೇ ಇಸವಿಯ ಈಸ್ಟರಿನಲ್ಲಿ ಶುರುವಾದ ತುಂಡೊಂದು ಇನ್ನೂ ಮುಗಿದಿಲ್ಲ, ನೋಡಬೇಕಾದರೆ ಭೂತಗನ್ನಡಿ ಬೇಕು. ಯಾರ ಮನೆಗಾದರೂ ಹೋದರೆ, ಹೊರಡುತ್ತೇನೆಂದು ತೊಡೆ ತಟ್ಟಿಕೊಂಡು ಎದ್ದ ಮೇಲೆ ಬಾಗಿಲು ದಾಟಲು ಮುಕ್ಕಾಲು ಗಂಟೆ. ಫೋನಿನಲ್ಲಂತೂ ಮೊದಲು ಇಡುವ ಒರಟುತನ ಯಾರು ಮಾಡಬೇಕೆಂದು ತಿಳಿಯದೆ, ಎರಡೂ ಕಡೆಯವರು ‘ಸರಿ ಹಾಗಾದ್ರೆ, ಸರಿ ಹಾಗಾದ್ರೆ’ ಅನ್ನುತ್ತ ಒಂದು ಇಡೀ ಚಳಿಗಾಲ ಕಳೆದದ್ದುಂಟು.

ಇಂಥ ಊರಿನಲ್ಲಿ ಆರ್ಡಿಸ್ ಮೂವತ್ತೊಂದು ವರ್ಷ ಪುರಸಭೆಯ ಗುಮಾಸ್ತೆಯಾಗಿದ್ದಳು. ನಾಯಿಗೆ ಲೈಸೆನ್ಸ್, ಕೆರೆ ಹೆಪ್ಪುಗಟ್ಟಿದಾಗ ಅದರ ಮೇಲೆ ಮೀನು ಹಿಡಿಯುವ ಗುಡಿಸಲಿಗೆ ಲೈಸೆನ್ಸ್, ಎಲ್ಲಕ್ಕೂ ಅವಳದೇ ಮೇಜು. ‘ಇಲ್ಲ’ವನ್ನು ಅವಳು ಕಲಿತದ್ದು ಅಲ್ಲೇ, ಮೊದಲ ವಾರದಲ್ಲೇ. ನಾಲ್ಕು ಕರಡಿಗಳನ್ನು ನಾಯಿಗಳೆಂದು ಬರೆಸಲು ಬಂದವನೊಬ್ಬನಿಗೆ ಹೇಳಿದಳು. ಹೇಳಿದ ಮೇಲೆ ಆಕಾಶವೇನೂ ಬೀಳಲಿಲ್ಲ. ಅಂದಿನಿಂದ ಊರಿನವರೆಲ್ಲ ತಮ್ಮ ಪಾಲಿನ ‘ಇಲ್ಲ’ಗಳನ್ನು ಅವಳಿಗೇ ವಹಿಸಿದರು. ಅಳಿಯನಿಗೆ ದೋಣಿ ಕೊಡಲು ಇಷ್ಟವಿಲ್ಲದವರು ‘ಆರ್ಡಿಸ್‌ನ ಒಂದ್ಮಾತು ಕೇಳ್ಬಿಡು’ ಎಂದು ಅಟ್ಟುತ್ತಿದ್ದರು.

ಈಗ ಅಕ್ಟೋಬರ್ ಕೊನೆಗೆ ಅವಳ ನಿವೃತ್ತಿ. ಅವಳಿಗೆ ನಿದ್ದೆಗೆಡಿಸುತ್ತಿದ್ದದ್ದು ಒಂದೇ ಚಿಂತೆ, ಊರಿನ ನೀರು. ನೀರು ಶುದ್ಧ ಮಾಡುವ ಘಟಕ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಪಾಸ್‌ವರ್ಡ್ ಗೊತ್ತಿದ್ದವನು ಭೂಮಿಯ ಯಾವ ಮೂಲೆಯಲ್ಲಿ ಕೂತಾದರೂ ಹೋಮ್‌ವಿಕ್‌ನ ನೀರಿಗೆ ಎಷ್ಟು ಕ್ಲೋರಿನ್ ಬೀಳಬೇಕೆಂದು ತೀರ್ಮಾನಿಸಬಹುದು. ಘಟಕ ನೋಡಿಕೊಳ್ಳುವವನು ಲೈಲ್ ಹಾಗೆನ್. ಬಂಗಾರದಂಥ ಮನುಷ್ಯ, ಕೇಳಿದರೆ ಮೈಮೇಲಿನ ಅಂಗಿಯನ್ನು ಇಸ್ತ್ರಿ ಮಾಡಿಸಿ ಕೊಡುವವನು. ಇಷ್ಟು ದಿನ ಫೋನುಗಳೆಲ್ಲ ಆರ್ಡಿಸ್‌ಳ ಮೇಜಿಗೆ ಬಂದು, ಸೋಸಿ ಉಳಿದವು ಮಾತ್ರ ಅವನಿಗೆ ಹೋಗುತ್ತಿದ್ದವು. ನವೆಂಬರ್ ಒಂದರಿಂದ ನೇರ ಅವನಿಗೇ.

ಅದಕ್ಕೆ ಅವಳು ಒಂದು ಸಾಲಿನ ನಿಯಮ ಬರೆದು ಪುರಸಭೆಯ ಐವರು ಸದಸ್ಯರ ಮುಂದಿಟ್ಟಳು. ಪಾಸ್‌ವರ್ಡ್ ಕೇಳಿ ಯಾರೇ ಫೋನ್ ಮಾಡಿದರೂ, ಫೋನ್ ಇಟ್ಟು, ನಮ್ಮ ಪುಸ್ತಕದಲ್ಲಿರುವ ಅವರ ನಂಬರಿಗೆ ನಾವೇ ತಿರುಗಿ ಮಾಡತಕ್ಕದ್ದು.

ಮೇಯರ್ ಆರ್ಲೋ ನಾರ್ಡ್‌ಬಿ ಚಾವಣಿ ನೋಡಿದ. “ಅದು... ಸ್ವಲ್ಪ ಬೇರೆ ಥರ ಇದೆ, ಆರ್ಡಿಸ್.”

ಹೋಮ್‌ವಿಕ್‌ನಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಅನುಮೋದಿಸಲು ಒಬ್ಬರೂ ಕೈ ಎತ್ತಲಿಲ್ಲ.

ಬದಲಿಗೆ ಸಭೆಯವರು ಮಿನಿಯಾಪೊಲಿಸ್‌ನಿಂದ ಟ್ರೆಂಟ್ ಎಂಬ ತಜ್ಞನನ್ನು ಕರೆಸಿದರು. ಕೃತಕ ಬುದ್ಧಿಮತ್ತೆಯ ಕಾಲ ಬಂದಿದೆ, ಊರಿಗೊಂದು ನೀತಿ ಬೇಡವೇ? ಮಂಗಳವಾರ ಮಧ್ಯಾಹ್ನ ಟ್ರೆಂಟ್ ಬಂದು ಗೋಡೆಯ ಮೇಲೆ ಚಿತ್ರ ಬಿಟ್ಟ. ಕೆಂಪು ಕಣ್ಣಿನ ಯಂತ್ರಮಾನವನೊಬ್ಬ ನೀರಿನ ಟ್ಯಾಂಕನ್ನು ಐಸ್‌ಕ್ರೀಂ ಕೋನ್ ಹಿಡಿದಂತೆ ಹಿಡಿದು ನಿಂತಿದ್ದ.

“ಇನ್ನೈದು ವರ್ಷದಲ್ಲಿ,” ಎಂದ ಟ್ರೆಂಟ್, “ಅದು ತಾನಾಗೇ ಯೋಚ್ನೆ ಮಾಡಿ, ತಾನಾಗೇ ನಿಮ್ಮೂರನ್ನ ಹುಡುಕ್ಕೊಂಡು ಬರತ್ತೆ.”

“ನಮ್ಮೂರನ್ನೇ? ಹೆದ್ದಾರಿಯವರು ಬೋರ್ಡ್ ಹಾಕೋಕೆ ಹುಡುಕಿ ಹುಡುಕಿ ಸುಸ್ತಾಗಿ ವಾಪಸ್ ಹೋದ್ರು,” ಎಂದಳು ಆರ್ಡಿಸ್. “ಇರ್ಲಿ, ನಿಮ್ಮ ನೀತಿ ಓದ್ದೆ. ಹದಿನಾಲ್ಕನೇ ಪುಟದಲ್ಲಿ ‘ನಮ್ಮ ಬಂದರಿಗೆ ಬರುವ ಹಡಗುಗಳ ರಕ್ಷಣೆ’ ಅಂತಿದೆ. ಯಾವ ಬಂದರು ಸ್ವಾಮಿ?”

ಟ್ರೆಂಟ್ ಕೆಮ್ಮಿದ. “ಅದು ಮಾದರಿ ಪ್ರತಿ...”

“ಓಲ್ಸನ್‌ರ ದೋಣಿ ಇದ್ಯಲ್ಲ,” ಎಂದ ಮೇಯರ್, ಅತಿಥಿಗೆ ಮುಜುಗರವಾಗದಿರಲೆಂದು.

ಟ್ರೆಂಟ್ ಕೊನೆಯ ಅಸ್ತ್ರ ತೆಗೆದ. ಜುಲೈ ನಾಲ್ಕರ ಮೆರವಣಿಗೆಯಲ್ಲಿ ಮೇಯರ್ ಮಾಡಿದ ಭಾಷಣವನ್ನು ಯಂತ್ರಕ್ಕೆ ತಿನ್ನಿಸಿ ಅವನ ದನಿಯನ್ನೇ ತಯಾರಿಸಿಕೊಂಡು ಬಂದಿದ್ದ. ಅದರಿಂದ ಎಲ್ಲರೆದುರೇ ನೀರಿನ ಘಟಕಕ್ಕೆ ಫೋನ್ ಮಾಡಿಸಿದ.

“ಹಲೋ ಲೈಲ್. ನಾನು ಮೇಯರ್ ಆರ್ಲೋ. ತುರ್ತಾಗಿದೆ. ಪಾಸ್‌ವರ್ಡ್ ಹೇಳು.”

ನೆಗಡಿಯಾದ ಮೇಯರ್ ಪೀಪಾಯಿಯೊಳಗಿಂದ ಮಾತಾಡಿದಂತಿತ್ತು. ಹೋಗಲಿ ಎಂದರೆ, ಹವಾಮಾನದ ಸುದ್ದಿಯೇ ಇಲ್ಲ! ಆರ್ಲೋ ತನ್ನ ಮನೆಗೆ ಬೆಂಕಿ ಬಿದ್ದಾಗಲೂ ಅಗ್ನಿಶಾಮಕದವರ ಜೊತೆ ಆರು ನಿಮಿಷ ಮೋಡದ ವಿಚಾರ ಮಾತಾಡಿ ಆಮೇಲೆ ವಿಷಯಕ್ಕೆ ಬಂದವನು.

ಆ ಕಡೆಯಿಂದ ಲೈಲ್‌ನ ಮೆತ್ತನೆಯ ದನಿ: “ವಾಲ್‌ಐ ಒಂಬತ್ತು. ಮೀನಿನ ಹೆಸರೇ, ಮೊದಲ ಅಕ್ಷರ ದೊಡ್ಡದು. ಬರ್ಕೊಂಡ್ರಾ? ನಿಧಾನ ನಿಧಾನ, ನಂಗೇನು ಅವಸರ?”

ಟ್ರೆಂಟ್ ಗೆದ್ದವನಂತೆ ತಿರುಗಿದ. “ನೋಡಿದ್ರಾ? ಮನುಷ್ಯನ ಕಿವಿಗೆ ಗೊತ್ತೇ ಆಗಲ್ಲ! ನಮ್ಮ ಏಐ ಗುರಾಣಿ ಹಾಕ್ಸಿದ್ರೆ ಕಳ್ಳದನಿ ಅಂತ ತಕ್ಷಣ ಹೇಳ್ಬಿಡತ್ತೆ.”

“ಅವನ ಕಿವಿಗೆ ಏನು ಗೊತ್ತಾಯ್ತು ಅಂತ ಅವನನ್ನೇ ಕೇಳೋಣ,” ಎಂದಳು ಆರ್ಡಿಸ್.

ಘಟಕ ಎದುರು ಬೀದಿಯಲ್ಲೇ. ಲೈಲ್ ಟೊಪ್ಪಿಗೆ ಕೈಯಲ್ಲಿ ಹಿಡಿದು ಬಂದು ನಿಂತ.

“ಅದು ಮೇಯರ್ ಅಲ್ಲ ಅಂತ ಮೊದಲ್ನೇ ಮಾತಿಗೇ ಗೊತ್ತಾಯ್ತು,” ಎಂದ.

ಟ್ರೆಂಟ್ ಬಾಯಿ ತೆರೆದವನು ಮುಚ್ಚಲಿಲ್ಲ. “ಮತ್ಯಾಕ್ರೀ ಪಾಸ್‌ವರ್ಡ್ ಕೊಟ್ರಿ?”

“ಪಾಪ, ಅಷ್ಟು ಕಷ್ಟಪಟ್ಟು ಮೇಯರ್ ಥರ ಮಾತಾಡ್ತಿದ್ದ. ‘ನೀನು ಅವನಲ್ಲ’ ಅಂತ ಮುಖಕ್ಕೆ ಹೊಡ್ದಂಗೆ ಹೇಳೋಕಾಗತ್ತಾ?”

ಸಭೆಯ ಐದೂ ತಲೆಗಳು ಅಲ್ಲಾಡಿದವು. ಆಗುವುದಿಲ್ಲ, ಅದು ಹೇಗಾದೀತು.

“ನಾನಾಗಿದ್ರೂ ಕೊಡ್ತಿದ್ದೆ,” ಎಂದ ಮೇಯರ್. “ಅದೂ ನನ್ನದೇ ದನಿ ಬೇರೆ.”

ಆರ್ಡಿಸ್ ಎದ್ದು ನಿಂತಳು. “ಕೇಳಿ ಇಲ್ಲಿ. ಯಂತ್ರದಿಂದ ಅಪಾಯ ಇಲ್ಲ ಅಂತ ನಾನು ಹೇಳಲ್ಲ. ಮೊದ್ಲು ಒಬ್ಬ ಕಳ್ಳ ದಿನಕ್ಕೆ ಹತ್ತು ಜನಕ್ಕೆ ಫೋನ್ ಮಾಡ್ತಿದ್ದ, ಈಗ ಯಂತ್ರ ಹತ್ತು ಸಾವಿರ ಜನಕ್ಕೆ ಮಾಡತ್ತೆ. ದನಿ ನಾಳೆ ಇನ್ನೂ ಚೆನ್ನಾಗಾಗತ್ತೆ. ಆದ್ರೆ ಅದು ಬರೋದು ಕೆಂಪು ಕಣ್ಣು ಬಿಟ್ಕೊಂಡು ಟ್ಯಾಂಕ್ ಹತ್ತೋಕಲ್ಲ. ಫೋನ್ ಮಾಡಿ ‘ದಯವಿಟ್ಟು’ ಅನ್ನತ್ತೆ, ನೀವು ಬಾಗಿಲು ತೆಗ್ದು ಕಾಫಿ ಕೊಡ್ತೀರ. ಕಳ್ಳದನಿ ಅಂತ ಗುರಾಣಿ ಹೇಳತ್ತಂತೆ. ಲೈಲ್‌ಗೆ ಅದು ಗೊತ್ತಿತ್ತಲ್ಲ! ಗೊತ್ತಿದ್ದು ಏನು ಬಂತು? ಕಳ್ಳ ಅಂತ ತಿಳಿಯೋದಲ್ಲ ನಮ್ಮ ಕಷ್ಟ, ಫೋನ್ ಕೆಳಗಿಡೋದು.”

ನಿಯಮ ಮತ್ತೆ ಮುಂದೆ ಬಂತು. ಅನುಮೋದಿಸುವ ಮರ್ಯಾದೆ ಪಕ್ಕದವರಿಗೇ ಸಲ್ಲಲಿ ಎಂದು ಐವರೂ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತ ಅರ್ಧ ಗಂಟೆ ಕಳೆಯಿತು. ಕೊನೆಗೆ ಮೇಯರ್ ಒಂದು ತಿದ್ದುಪಡಿ ಸೇರಿಸಿದ: ಫೋನ್ ಇಡುವ ಮುನ್ನ ಮೂರು ಸಲಕ್ಕೆ ಮೀರದಂತೆ ‘ಕ್ಷಮಿಸಿ’ ಎನ್ನಬಹುದು. ಒಪ್ಪಿಗೆಯಾಯಿತು. ಗುರಾಣಿ ಬೇಡವೆಂದು ಟ್ರೆಂಟ್‌ಗೆ ಹೇಳುವ ಕೆಲಸ ಯಥಾಪ್ರಕಾರ ಆರ್ಡಿಸ್‌ಳ ಪಾಲಿಗೆ ಬಂತು.

ನಿಯಮವೇನೋ ಪುಸ್ತಕ ಸೇರಿತು, ಜನಕ್ಕೆ ಕಲಿಸಬೇಕಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಆರ್ಡಿಸ್ ಎರಡು ವಾರ ಫೋನ್ ಕುಕ್ಕುವ ತರಗತಿ ನಡೆಸಿದಳು. ಮೊದಲ ಪಾಠ, ‘ನಿಮ್ಮ ಕರೆ ನಮಗೆ ಅಮೂಲ್ಯ’ ಎನ್ನುವ ಧ್ವನಿಮುದ್ರಿಕೆಯ ಮುಖಕ್ಕೆ ಫೋನ್ ಇಡುವುದು. ಗ್ರಂಥಾಲಯದ ಗುಡ್ರುನ್ ಇಟ್ಟೇನೋ ಇಟ್ಟಳು, ಆಮೇಲೆ ಮೂರು ದಿನ ಊಟ ಬಿಟ್ಟಳು. ಲೈಲ್ ಫೋನನ್ನು ಇಳಿಸುತ್ತ ಇಳಿಸುತ್ತ ಮೇಜಿಗೆ ಒಂದು ಬೆರಳಷ್ಟು ದೂರ ಇರುವಾಗ ಬೆವರಿ, ಮತ್ತೆ ಕಿವಿಗೆ ಒಯ್ದು, “ಇದೀರಾ?” ಎಂದು ಕೇಳುತ್ತಿದ್ದ. ಕೊನೆಯ ತರಗತಿಯಲ್ಲೂ ಅಷ್ಟೇ.

ಅಕ್ಟೋಬರ್ ಮೂವತ್ತೊಂದಕ್ಕೆ ಆರ್ಡಿಸ್ ಮೇಜು ಖಾಲಿ ಮಾಡಿ ಮನೆಗೆ ಹೋದಳು. ಮರುದಿನ ಬೆಳಿಗ್ಗೆ ಹತ್ತಕ್ಕೆ ತಡೆಯಲಾರದೆ ನೀರಿನ ಘಟಕಕ್ಕೆ ಫೋನ್ ಮಾಡಿದಳು.

“ಲೈಲ್, ನಾನಪ್ಪ ಆರ್ಡಿಸ್.” ಬೇಕೆಂದೇ ಹವಾಮಾನದ ವಿಚಾರ ಪೂರ್ತಿ ಆರು ನಿಮಿಷ ಮಾತಾಡಿದಳು. ಆಮೇಲೆ, “ಅಂದಹಾಗೆ, ಹೊಸ ಪಾಸ್‌ವರ್ಡ್ ಏನು ಅಂತ ಹೇಳೋ ಮಾರಾಯ. ಒಂದು ಕಾಗದ ಮುಗಿಸೋದು ಮರ್ತುಬಂದೆ.”



“ಕ್ಷಮಿಸಿ,” ಎಂದ ಲೈಲ್. “ಕ್ಷಮಿಸಿ... ಕ್ಷಮಿಸಿ.” ಫೋನ್ ಕಡಿದುಹೋಯಿತು.

ಆರ್ಡಿಸ್ ಸತ್ತ ಫೋನನ್ನು ಹಿಡಿದು ಕೂತಳು. ಹೋಮ್‌ವಿಕ್ ಹುಟ್ಟಿದಂದಿನಿಂದ ಯಾರ ಮುಖಕ್ಕೂ ಯಾರೂ ಹೀಗೆ ಮಾಡಿರಲಿಲ್ಲ. ಅವಳು ಅದನ್ನು ಕೆಳಗಿಡುವುದೇ ತಡ, ಗಂಟೆ ಬಾರಿಸಿತು.

“ಪುಸ್ತಕ ನೋಡಿ ನಿಮ್ಮ ಮನೆ ನಂಬರಿಗೇ ಮಾಡಿದೀನಿ,” ಎಂದ ಲೈಲ್. “ನೀವೇ ತಾನೆ?”

“ನಾನೇ ಕಣಯ್ಯ. ನಿಯಮದ ಪ್ರಕಾರನೇ ಆಯ್ತಲ್ಲ? ಈಗ ಹೇಳು.”

ಅವನು ಗಂಟಲು ಸರಿಮಾಡಿಕೊಂಡದ್ದು ಎರಡು ಬೀದಿಯಾಚೆಗೆ ಕೇಳಿಸಿರಬೇಕು.

“ಇಲ್ಲ.”

“ಏನಂದೆ?”

“ಇಲ್ಲ. ನಿಮ್ಗೆ ನಿನ್ನೆಗೇ ನಿವೃತ್ತಿ ಆಯ್ತು. ಈಗ ಅದು ನಿಮ್ಗೆ ಬೇಕಾಗಿಲ್ಲ.” ಆಮೇಲೆ ಅಳುವವನಂತೆ ಕೇಳಿದ: “ಬೇಜಾರ್ ಮಾಡ್ಕೊಂಡ್ರಾ?”

“ಮಾಡ್ಕೊಂಡೆ,” ಎಂದಳು ಆರ್ಡಿಸ್, ಕಣ್ಣೊರೆಸಿಕೊಳ್ಳುತ್ತ. “ಹಿಂಗೇ ಎಲ್ಲರಿಗೂ ಬೇಜಾರ್ ಮಾಡ್ತಿರು.”