ಸರ್ವಮಂಗಳಾ ಬರೆದ ಕಾಗದ

ನಂಜನಗೂಡಿನ ಬಜಾರು ಬೀದಿಯ ಹಿಂದೆ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ಸರ್ವಮಂಗಳಾ ಯಾರಿಗೂ ಬುದ್ಧಿ ಹೇಳುವುದಿಲ್ಲ. ರವಿಕೆ ಅಳತೆ ಕೊಡಲು ಬಂದ ಹೆಂಗಸರು, ಹೀಗೆ ಪೂಜೆ ತಪ್ಪಿಹೋಯ್ತು, ಏನ್ಮಾಡ್ಲವ್ವ, ಅಯ್ಯನೋರ ಮಗಳಲ್ವಾ ನೀನು ಎಂದು ಕೇಳುತ್ತಾರೆ. ಅವಳು ಟೇಪು ಎಳೆದು, ತೋಳು ಎಷ್ಟುದ್ದ ಇಡಲಿ ಅನ್ನುತ್ತಾಳೆ. ಜಂಬ ಅಂದುಕೊಂಡವರಿದ್ದಾರೆ. ಜಂಬ ಇದ್ದ ಕಾಲ ಬೇರೆ. ಆಗ ಅವಳಿಗೆ ಇಪ್ಪತ್ತು ವರ್ಷ.

ಅಪ್ಪ ಗಂಗಾಧರಸ್ವಾಮಿ ಜಂಗಮರು. ಮನೆಮನೆಗೆ ಹೋಗಿ ಮದುವೆ, ಸಾವು, ಗೃಹಪ್ರವೇಶ ನಡೆಸಿಕೊಡುವವರು, ಮಕ್ಕಳ ಕೊರಳಿಗೆ ಇಷ್ಟಲಿಂಗ ಕಟ್ಟಿ ದೀಕ್ಷೆ ಕೊಡುವವರು. ಆ ಮನೆಯ ಮಗಳ ಪಕ್ಕ ಪಿಯುಸಿಯ ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವಳು ಕವಲಂದೆಯ ಮಧುಶ್ರೀ. ತೊಂಬತ್ತಾರರಲ್ಲಿ ಮಧುಶ್ರೀಯನ್ನು ತಿ. ನರಸೀಪುರಕ್ಕೆ, ಗೊಬ್ಬರದಂಗಡಿಯ ಅಮೃತೇಶನಿಗೆ ಕೊಟ್ಟರು. ಬಸ್ಸಿನಲ್ಲಿ ಗಂಟೆಯ ದಾರಿ. ಆದರೆ ಹೊಸ ಸೊಸೆಯನ್ನು ಗೆಳತಿ ನೋಡಲು ಬಸ್ಸು ಹತ್ತಿಸುವ ಮನೆ ಯಾವುದಿದೆ? ಹದಿನೈದು ದಿನಕ್ಕೊಂದು ಇನ್‌ಲ್ಯಾಂಡ್ ಕಾಗದ ಶುರುವಾಯಿತು.

ಮೊದಮೊದಲು ಸೀರೆಯ ಸುದ್ದಿ, ಅತ್ತೆ ಮರಿತಾಯಮ್ಮನ ಸುದ್ದಿ. ಬರಬರುತ್ತಾ ಪ್ರಶ್ನೆಗಳು. ಮುಟ್ಟಾದಾಗ ಲಿಂಗಪೂಜೆ ಬಿಡು ಅಂತಾರೆ ಅತ್ತೆ, ಬಿಡಬೇಕೇನೇ? ಒಲೆ ಹಚ್ಚುವ ಆತುರದಲ್ಲಿ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂರಲು ಐದು ನಿಮಿಷ ಸಿಗಲ್ಲ, ವಿಭೂತಿ ಹಚ್ಚಿ ಕೈ ಮುಗಿದರೆ ಸಾಕಾ? ಸರ್ವಮಂಗಳಾ ಅಪ್ಪನನ್ನು ಕೇಳಿ ಬರೆಯುತ್ತಿದ್ದಳು. ಅಪ್ಪನ ಉತ್ತರ ಯಾವಾಗಲೂ ಸಲೀಸು. ಮುಟ್ಟಿಗೂ ಲಿಂಗಕ್ಕೂ ಜಗಳ ಇಲ್ಲ ಅಂತ ಬರಿ, ಅಷ್ಟೇ. ಇಷ್ಟು ಹಗುರವಾದರೆ ಅದೆಂಥ ಧರ್ಮ ಅನ್ನಿಸತೊಡಗಿತು ಅವಳಿಗೆ. ಮನೆಯಲ್ಲಿ ಆಚಾರದ ಹಳೇ ಪುಸ್ತಕವೊಂದಿತ್ತು. ಅದರ ಮಾತು ಗಟ್ಟಿ. ಅಪ್ಪನನ್ನು ಕೇಳುವುದು ಬಿಟ್ಟು ಅದರಿಂದ ಬರೆಯತೊಡಗಿದಳು. ಕಾಗದದ ಕೊನೆಗೆ, ತನ್ನದೇ ವಯಸ್ಸಿನವಳಿಗೆ, 'ಆಶೀರ್ವಾದಗಳು' ಎಂದು ಹಾಕಿದಳು.

ತಮ್ಮ ನಂಜೇಶ ಅದನ್ನು ನೋಡಿಬಿಟ್ಟ. "ಅಪ್ಪಾಜಿ, ಅಕ್ಕ ನಿಮ್ಗೆ ರಿಟೈರ್‌ಮೆಂಟ್ ಕೊಟ್ಟವ್ಳೆ. ನರಸೀಪುರದ ಪೀಠ ಇನ್ಮೇಲೆ ಅವ್ಳೇ ನೋಡ್ಕತಾಳಂತೆ."

ಅವನಿಗೂ ಗೊತ್ತಿಲ್ಲದ್ದು ಒಂದಿತ್ತು. ಆ ಪೀಠದ ಒಡತಿಯ ಕೊರಳಲ್ಲಿ ಎಂಟು ತಿಂಗಳಿಂದ ಲಿಂಗವಿರಲಿಲ್ಲ. ಟೈಪಿಂಗ್ ಕ್ಲಾಸಿನ ಹುಡುಗಿಯರು ರವಿಕೆಯೊಳಗಿನ ಉಬ್ಬು ನೋಡಿ, ಏನೇ ಅದು, ತಾಯಿತಾನಾ ಎಂದು ನಕ್ಕಿದ್ದರು. ಅಂದೇ ಬಿಚ್ಚಿ ಟ್ರಂಕಿನಲ್ಲಿ ಬಟ್ಟೆಯ ಅಡಿಗಿಟ್ಟಳು. ಬೆಳಿಗ್ಗೆ ಬಾಗಿಲು ಮುಂದೆ ಮಾಡಿಕೊಂಡು ಸುಮ್ಮನೆ ಕೂತಿದ್ದು ಎದ್ದು ಬರುತ್ತಿದ್ದಳು. ಪೂಜೆ ಆಯ್ತೇನಮ್ಮ ಎಂದರೆ, ಆಯ್ತು.

ತೊಂಬತ್ತೇಳರಲ್ಲಿ ಮಧುಶ್ರೀಯ ಆ ಕಾಗದ ಬಂತು. ಹೊಳೆಯಲ್ಲಿ ಜಮಖಾನ ಒಗೆಯುವಾಗ ದಾರ ಸವೆದು ಲಿಂಗ ನೀರಿಗೆ ಬಿತ್ತು. ಮಧ್ಯಾಹ್ನದವರೆಗೂ ಹುಡುಕಿದೆ. ಯಾರಿಗೂ ಹೇಳಿಲ್ಲ, ಬರೀ ದಾರ ಕಟ್ಟಿಕೊಂಡು ಓಡಾಡ್ತಿದ್ದೀನಿ. ಅಪ್ಪಾವರನ್ನು ಕೇಳಿ ಬೇಗ ಬರಿ ಕಣೇ, ಕೈಕಾಲು ಆಡ್ತಿಲ್ಲ.

ಅಪ್ಪಾವರು ಜಗಲಿಯಲ್ಲೇ ಇದ್ದರು. ಹಿಂದಿನ ವಾರವಷ್ಟೇ, ಬಸ್ಸಿನಲ್ಲಿ ಲಿಂಗ ಕಳೆದುಕೊಂಡ ಒಬ್ಬ ಮಿಲ್ಲಿನ ಕೆಲಸಗಾರ ಅಳುತ್ತಾ ಬಂದಿದ್ದ. ಕಳೆದದ್ದು ಕಲ್ಲು, ಭಕ್ತಿ ಕಳ್ಕೊಂಡಿಲ್ವಲ್ಲ ಎಂದು ಬೇರೆ ಲಿಂಗ ಕಟ್ಟಿ, ಉಣ್ಣಿಸಿ ಕಳಿಸಿದ್ದರು. ಸರ್ವಮಂಗಳಾ ಅದನ್ನು ಕಣ್ಣಾರೆ ಕಂಡವಳು. ಈಗ ಎದ್ದು ಹೋಗಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಲಿಂಗದ ಮಾತೆತ್ತಿದರೆ ಅಪ್ಪ ತಲೆಯೆತ್ತಿ ತನ್ನ ಕೊರಳು ನೋಡಿಬಿಟ್ಟರೆ?

ಕೇಳಲಿಲ್ಲ. ಪುಸ್ತಕ ತೆಗೆದಳು. ಲಿಂಗ ಕಳೆದುಕೊಂಡವರು ಅದು ಸಿಗುವವರೆಗೆ ಅನ್ನ ಮುಟ್ಟಬಾರದು, ಅವರ ಕೈಯ ಅಡುಗೆ ಯಾರೂ ಉಣ್ಣಬಾರದು ಎಂದಿದ್ದ ಸಾಲನ್ನು ದುಂಡಗೆ ಇಳಿಸಿದಳು. ಅಷ್ಟಕ್ಕೆ ನಿಲ್ಲಿಸಲಿಲ್ಲ. ಪುಸ್ತಕದಲ್ಲಿಲ್ಲದ ಒಂದು ಸಾಲನ್ನು ಸ್ವಂತವಾಗಿ ಸೇರಿಸಿದಳು: 'ಇಷ್ಟು ಅಸಡ್ಡೆ ಮಾಡಿದರೆ ಗಂಡನ ಆಯುಸ್ಸಿಗೆ ಒಳ್ಳೆಯದಲ್ಲ.' ಬರೆದು ಓದಿಕೊಂಡಾಗ ಸಮಾಧಾನವೂ ಆಯಿತು. ಅವಳು ಈಗ ನಾಚಿ ಸಾಯುವುದು ಆ ಸಮಾಧಾನಕ್ಕೆ.

ಗಂಡನ ಆಯುಸ್ಸು! ಆ ಗಂಡನ ಲಿಂಗ ಮದುವೆಯ ಮಾರನೇ ದಿನದಿಂದ ದೇವರ ಗೂಡಿನ ಮೊಳೆಗೆ ನೇತುಬಿದ್ದಿತ್ತು. ಅವನನ್ನು ಯಾವ ಪುಸ್ತಕವೂ ಕೇಳಲಿಲ್ಲ. ಗಂಡು ಹೆಣ್ಣು ಅನ್ನದೆ ಎಲ್ಲರ ಕೈಗೂ ದೇವರನ್ನು ಕೊಟ್ಟ ಧರ್ಮ ಇದು. ಅದನ್ನು ಹೆಣ್ಣಿನ ಕೈಯಿಂದ ಕಿತ್ತುಕೊಳ್ಳಲು ಗಂಡಸೇ ಬೇಕೆಂದಿಲ್ಲ; ಕಾಗದ ಬರೆಯಲು ಬರುವ ಗೆಳತಿಯೂ ಸಾಕು.

ಮೂರು ವಾರಕ್ಕೆ ಮಧುಶ್ರೀಯ ತಾಯಿ ಸಾಕಮ್ಮ ಕವಲಂದೆಯಿಂದ ಬಂದು ಜಗಲಿಯ ಮೇಲೆ ಕೂತರು. ಮಗಳು ನಾಲ್ಕು ದಿನ ಅನ್ನ ಬಿಟ್ಟು ಹಿತ್ತಿಲಲ್ಲಿ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ ವಿಷಯ ಹೊರಬಿತ್ತು. ಲಿಂಗ ಇಲ್ಲದವಳ ಕೈನೀರು ಬೇಡವೆಂದು ಮರಿತಾಯಮ್ಮ ತವರಿಗೆ ಕಳಿಸಿದ್ದರು.

"ಉಪಾಸ ಬೀಳು ಅಂತ ಯಾರಮ್ಮ ಹೇಳ್ದೋರು?" ಎಂದರು ಗಂಗಾಧರಸ್ವಾಮಿ.

"ಯಾರೋ ತಿಳ್ದೋರು ಅಂತಾಳೆ ಬುದ್ಧಿ. ಹೆಸ್ರು ಹೇಳಲ್ಲ."

"ತಿಳ್ದೋನಲ್ಲ ಅವ್ನು. ಹೊಟ್ಟೆ ತುಂಬ ಉಂಡು ಕೂತೋನು."

ಬಾಗಿಲ ಹಿಂದೆ ನಿಂತಿದ್ದ ಸರ್ವಮಂಗಳಾ ಆಗ ತಾನೇ ಉಂಡು ಕೈ ತೊಳೆದಿದ್ದಳು. ಹೊರಗೆ ಬರಲಿಲ್ಲ. ಅಪ್ಪ ಮಾರನೇ ದಿನವೇ ಕವಲಂದೆಗೆ ಹೋಗಿ ಬೇರೆ ಲಿಂಗ ಕಟ್ಟಿ, ಹುಡುಗಿಯನ್ನು ನರಸೀಪುರಕ್ಕೆ ಕರೆದೊಯ್ದು, ಮರಿತಾಯಮ್ಮನಿಗೆ ನಾಲ್ಕು ಮಾತು ಹೇಳಿ ಬಂದರು. ನೀನೂ ಬಾರಮ್ಮ, ನಿನ್ನ ಗೆಳತಿಯಲ್ವಾ ಎಂದು ಕರೆದಿದ್ದರು. ತಲೆನೋವು ಅಂದಳು. ಅವರು ಹೊರಟ ಮೇಲೆ ಟ್ರಂಕು ತೆಗೆದು ತನ್ನ ಲಿಂಗವನ್ನು ಮತ್ತೆ ಕಟ್ಟಿಕೊಂಡಳು. ಅದೂ ಕಳ್ಳತನವೆಂದೇ ಅನ್ನಿಸಿತು.

ಆಮೇಲೂ ಮಧುಶ್ರೀ ಬರೆದಳು. ಮಗಳು ಹುಟ್ಟಿದ್ದು, ಹಲ್ಲು ಬಂದಿದ್ದು. ಆದರೆ ಪ್ರಶ್ನೆ ಮಾತ್ರ ಒಂದನ್ನೂ ಕೇಳಲಿಲ್ಲ. ನೀನು ಹಾಗೆ ಯಾಕೆ ಬರೆದೆ ಎಂದೂ ಕೇಳಲಿಲ್ಲ. ಇವಳೂ ಹೇಳಲಿಲ್ಲ. ಕಾಗದ ಹೋಗಿ ಫೋನು ಬಂತು. ಹೀಗೆ ಒಂಬತ್ತು ವರ್ಷ.

ಎರಡು ಸಾವಿರದ ಆರರಲ್ಲಿ ಮಧುಶ್ರೀಯ ಮಗಳು ನಯನಳಿಗೆ ದೀಕ್ಷೆ. ಅಪ್ಪನಿಗೆ ಕಣ್ಣು ಮಂಜಾಗಿತ್ತು. ಕೈ ಹಿಡಿದು ಕರೆದುಕೊಂಡು ಹೋಗಲು ಈ ಸಲ ಸರ್ವಮಂಗಳಾಳೇ ಬೇಕಾಯಿತು. ನಡುಮನೆಯ ತುಂಬ ನೆಂಟರು. ಮರಿತಾಯಮ್ಮ ಮೊಮ್ಮಗಳ ತಲೆ ಬಾಚುತ್ತಾ ಎಲ್ಲರಿಗೂ ಕೇಳುವಂತೆ ಅಂದರು, "ಉಷಾರಾಗಿ ಇಟ್ಕೊ ಮಗಾ. ನಿಮ್ಮವ್ವನಂಗೆ ಹೊಳೆಗೆ ಬಿಟ್ಟು, ಆಮೇಲೆ ಉಪಾಸ ಬಿದ್ದು ನಾಟ್ಕ ಕಟ್ಬೇಡ." ನೆಂಟರು ನಕ್ಕರು. ಮಧುಶ್ರೀಯೂ ನಕ್ಕಳು. ವರ್ಷಗಟ್ಟಲೆ ರೂಢಿಯಾದ ನಗು ಅದು.

ಹಿತ್ತಿಲಲ್ಲಿ ತಂಬಿಗೆ ತೊಳೆಯುವ ನೆಪದಲ್ಲಿ ಸರ್ವಮಂಗಳಾ ಅವಳ ಪಕ್ಕ ಕೂತು, ಕೊನೆಗೂ ಹೇಳಿದಳು. ಅಪ್ಪನನ್ನು ಕೇಳಿರಲಿಲ್ಲ ಎಂದಳು. ಆಯುಸ್ಸಿನ ಮಾತು ತಾನೇ ಸೇರಿಸಿದ್ದು ಎಂದಳು. ಆಗ ತನ್ನ ಕೊರಳಲ್ಲೂ ಲಿಂಗ ಇರಲಿಲ್ಲ ಎಂದಳು.

ಮಧುಶ್ರೀ ಹುಣಸೆಹಣ್ಣಿನ ಕೈಯನ್ನು ಹಾಗೇ ಹಿಡಿದುಕೊಂಡಿದ್ದಳು. "ನಂದೂ ಇಲ್ಲ ಕಣೇ ಅಂತ ಒಂದು ಸಾಲು ಬರ್ದಿದ್ರೆ ನಾನು ನಕ್ಕೊಂಡು ಉಂಡಿರ್ತಿದ್ದೆ," ಅಂದಳು.

ಸರ್ವಮಂಗಳಾ ತಪ್ಪಾಯ್ತು ಅಂದಳು.

"ನಂಗೆ ಹೇಳಿ ಏನು ಬಂತು? ನಾನು ಚುಚ್ಚುಮಾತು ಕೇಳ್ತಿರೋದು ಒಳ್ಗೆ. ಅಲ್ಲಿ ಹೇಳು."

ಒಳಗೆ ಅಪ್ಪ ಇದ್ದರು. ಒಂಬತ್ತು ವರ್ಷ ಯಾರಿಂದ ಬಚ್ಚಿಟ್ಟಿದ್ದಳೋ ಅವರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ಹೋಗಿ, ನಡುಮನೆಯಲ್ಲಿ ನಿಂತು, ಅದನ್ನೇ ಇನ್ನೊಮ್ಮೆ ಹೇಳಿದಳು. ಮೊದಲನೇ ಸಲ ಹೇಳಿದ್ದು ನೆಂಟರ ಗದ್ದಲಕ್ಕೆ ಕೇಳಿಸಲಿಲ್ಲ. ಗದ್ದಲ ನಿಂತ ಮೇಲೆ ಮತ್ತೆ ಮೊದಲಿಂದ ಹೇಳಬೇಕಾಯಿತು.

ಮರಿತಾಯಮ್ಮ ಬಾಚಣಿಗೆ ಕೆಳಗಿಟ್ಟರು. ಗಂಗಾಧರಸ್ವಾಮಿ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತು ಉಂಡೆಯಲ್ಲಮ್ಮ," ಎಂದರು. ಮಧುಶ್ರೀ ಎಲ್ಲಿದ್ದಾಳೆಂದು ಕೇಳಿ, ಎದ್ದು ನಿಂತು, ಅವಳ ಕಡೆಗೆ ಕೈ ಮುಗಿದರು.

ಹಿರಿಯರು ಕೈ ಮುಗಿದರೆ ಯಾರಾದರೂ ಓಡಿಬಂದು ಕೈ ಹಿಡಿದು ತಡೆಯುತ್ತಾರೆ. ಮಧುಶ್ರೀ ತಡೆಯಲಿಲ್ಲ. ಅವರು ಕೈ ಇಳಿಸುವವರೆಗೂ ನೆಟ್ಟಗೆ ನಿಂತಿದ್ದು, ಆಮೇಲೆ ಮಗಳನ್ನು ಕರೆದು ಮಣೆಯ ಮೇಲೆ ಕೂರಿಸಿದಳು. ಅಯ್ಯನವರು ದೀಕ್ಷೆ ಶುರು ಮಾಡಿದರು. ಸರ್ವಮಂಗಳಾ ಬಾಗಿಲ ಹತ್ತಿರ ನಿಂತೇ ಇದ್ದಳು. ಕೂತುಕೋ ಎಂದು ಅವಳಿಗೆ ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ.